ಕಾರ್ಟರ್ಸ್ ಫ್ಲಾಟ್ ಹಾಕರ್ಸ್

ಕೆಲ್ಲಿವಿಲ್, ಸಿಡ್ನಿ
9 ಮಾರ್ಚ್ 2025

ಸಿದ್ದಣ್ಣ,

ಮೊನ್ನೆ ಫೋನ್ ಇಟ್ಟದ್ದು ನೀನೋ ನಾನೋ ಎಂದು ನನಗೆ ಈಗಲೂ ಗೊತ್ತಾಗುವುದಿಲ್ಲ. ಇಬ್ಬರೂ ಒಟ್ಟಿಗೆ ಇಟ್ಟಿರಬೇಕು. ಹ್ಯಾರಿಸ್ ಪಾರ್ಕಿನ ಆ ರೂಮಿನಲ್ಲಿ ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡಿದ್ದಾಗ ಕೂಡ ನಾವು ಹೀಗೆ ಜಗಳ ಆಡಿದ್ದಿಲ್ಲ ಮಾರಾಯ. ಫೋನಿನಲ್ಲಾದರೆ ನಿನ್ನ ಧಾರವಾಡದ ಸ್ವರ ಏರುತ್ತದೆ, ನನ್ನದು ಸತ್ತೇ ಹೋಗುತ್ತದೆ. ವಾಟ್ಸಾಪ್ ಮಾಡಿದರೆ ಎರಡು ನೀಲಿ ಗೆರೆ ಬಂತಾ ಎಂದು ನೋಡುತ್ತಾ ಕೂರಬೇಕು. ಅದಕ್ಕೇ ಈ ಇಮೇಲ್. ಕನ್ನಡದಲ್ಲಿ ಇಷ್ಟುದ್ದ ಬರೆಯದೆ ವರ್ಷಗಳಾದವು, ತಪ್ಪಿದ್ದರೆ ತಿದ್ದಿಕೊ.

ವಿಷಯ ಆ ಫೋಟೋದ್ದು. ನಾನು ಗ್ರೂಪಿಗೆ ಹಾಕಿದೆ, ನೀನು "ತಗಿ ಅದನ್ನ" ಎಂದು ಬರೆದೆ. ಅಷ್ಟೇ. ಏನು, ಎಂತ ಎಂದು ಕೇಳಲಿಲ್ಲ. ಈಗ ಕೇಳಿಸಿಕೊ.

ನಮ್ಮ ಹುಡುಗಿ ಲೀಶಾ ರಗ್ಬಿ ಲೀಗ್ ಆಡುವ ಕ್ಲಬ್ಬಿನ ಹೆಸರು ಕಾರ್ಟರ್ಸ್ ಫ್ಲಾಟ್. ಅಡ್ಡಹೆಸರು ಹಾಕರ್ಸ್, ಮನೆಮನೆ ತಿರುಗಿ ಮಾರುವವರು. ಇಲ್ಲಿ ಪ್ರತಿ ಟೀಮಿಗೂ ಒಂದು ಅಡ್ಡಹೆಸರು ಉಂಟು, ಹುಲಿಯೋ ಹದ್ದೋ. ನಮ್ಮದು ಮಾತ್ರ ಮನುಷ್ಯ. ತುಂಬಾ ಹಿಂದೆ, ಇಲ್ಲೆಲ್ಲ ಬರೀ ತೋಟ ಇದ್ದಾಗ, ಇಂಡಿಯಾದವನೊಬ್ಬ ಕುದುರೆ ಗಾಡಿಯಲ್ಲಿ ಬಟ್ಟೆ ಮಾರುತ್ತಾ ಬರುತ್ತಿದ್ದನಂತೆ. ಟೀಮಿನವರ ಹತ್ತಿರ ಜರ್ಸಿ ಇರಲಿಲ್ಲ. ಇವನು ಒಂದು ಥಾನು ಹಸಿರು ಬಟ್ಟೆ ಸುಮ್ಮನೆ ಕೊಟ್ಟ. ಹೆಂಗಸರು ಹೊಲಿದರು. ಅಲ್ಲಿಂದ ಈ ಹೆಸರು. ಬ್ಯಾಡ್ಜಿನಲ್ಲಿ ಅವನ ಚಿತ್ರ: ಮುಂಡಾಸು, ಮೀಸೆ, ಹೆಗಲ ಮೇಲೆ ಗಂಟು.

ಆಟದ ದಿನ ಅವನ ವೇಷ ಹಾಕಿ ಮೈದಾನ ಸುತ್ತುವವನು ನಾನು, ಫೋಟೋದಲ್ಲಿದ್ದದ್ದು ಅದೇ. ಸ್ಪಂಜಿನ ದೊಡ್ಡ ತಲೆ ಉಂಟು, ಒಳಗೆ ಹೊಕ್ಕರೆ ನನ್ನ ಮುಖ ಕಾಣುವುದಿಲ್ಲ. ಲೀಶಾ ಸಣ್ಣವಳಿದ್ದಾಗ ನಾನು ಬೇಲಿ ಹತ್ತಿರ ಥರ್ಮಾಸ್ ಹಿಡಿದು ಒಬ್ಬನೇ ನಿಲ್ಲುತ್ತಿದ್ದೆ. ಯಾರೂ ಮಾತಾಡಿಸುತ್ತಿರಲಿಲ್ಲ. ಕೆಟ್ಟವರಲ್ಲ, ಮಾತು ಹೇಗೆ ಶುರು ಮಾಡುವುದು ಎಂದು ಅವರಿಗೂ ಗೊತ್ತಿರಲಿಲ್ಲ. ಒಂದು ದಿನ ವೇಷ ಹಾಕುವವನ ಕಾಲು ಉಳುಕಿತು. ಪ್ರೆಸಿಡೆಂಟ್ ಗ್ಯಾವಿನ್ ಬಂದು "ನೀನು ಹಾಕ್ತೀಯಾ?" ಎಂದ. ಹಾಕಿದೆ. ಹಾಫ್ ಟೈಮಿನಲ್ಲಿ ಗಂಟಿನಿಂದ ಚಾಕೊಲೇಟ್ ತೆಗೆದು ಎಸೆದೆ. ಮಕ್ಕಳು ಕಾಲಿಗೆ ಸುತ್ತಿಕೊಂಡವು. ಆರು ವರ್ಷವಾಯಿತು, ಒಂದು ಶನಿವಾರ ತಪ್ಪಿಸಿಲ್ಲ.

ಈಗ ಮಂದೀಪ್ ಎಂಬ ಪಂಜಾಬಿ ತಾಯಿ ಈ ಹೆಸರು ಬೇಡ, ಅವಮಾನ ಎಂದು ಕಮಿಟಿಗೆ ಹೇಳಿದ್ದಾಳೆ. ಆಗಸ್ಟಿನಲ್ಲಿ ಎಲ್ಲಾ ಮೆಂಬರುಗಳ ಓಟು. ಕಮಿಟಿಯಲ್ಲಿ ಇಂಡಿಯಾದವನು ನಾನೊಬ್ಬನೇ. ಹೆಸರು ಇರಲಿ ಎಂದು ಮಾತಾಡಬೇಕು ಅಂತ ಗ್ಯಾವಿನ್ ಹೇಳಿದ್ದಾನೆ. ಮಾತಾಡುತ್ತೇನೆ. ಇಡೀ ಸಿಡ್ನಿಯಲ್ಲಿ ನಮ್ಮವನೊಬ್ಬನ ಗುರುತು ಉಳಿದದ್ದು ಇಲ್ಲಿ ಮಾತ್ರ. ಅದನ್ನು ನಾವೇ ಒರೆಸಬೇಕಾ?

ಸಂಧ್ಯಾರಾಣಿಗೆ ನಮಸ್ಕಾರ. ಮಗರಾಯ ಸಂಜು ಹೇಗಿದ್ದಾನೆ?

ಲೆಸ್ಲಿ


ಗ್ಲೆನ್ ವೇವರ್ಲಿ, ಮೆಲ್ಬರ್ನ್
16 ಮಾರ್ಚ್ 2025

ಲೆಸ್ಲೀ ದೋಸ್ತ,

ಫೋನ್ ಇಟ್ಟಾಂವ ನಾನ. ಸುಮ್ನ ಅರ್ಧಾ ನಿನ್ನ ಮ್ಯಾಲ ಹಾಕ್ಕೋಬ್ಯಾಡ.

ನಿನ್ನ ಪತ್ರ ಸಂಧ್ಯಾರಾಣಿಗೂ ಓದಿ ಹೇಳಿದೆ. "ಲೆಸ್ಲಿ ಅಣ್ಣಾರು ಖುಷೀಲೆ ಅದಾರಲ್ಲ, ನಿಮಗೇನ ತ್ರಾಸು?" ಅಂದ್ಲು. ನನ್ನ ತ್ರಾಸು ಏನಂತ ಹೇಳತೇನಿ ಕೇಳು.

ನಮ್ಮಪ್ಪ ದಿನಾ ಮುಂಜಾನೆ ರುಮಾಲು ಸುತ್ತಾಂವ. ಒಂದು ತುದಿ ನನ್ನ ಕೈಯಾಗ ಕೊಟ್ಟು, ತಾ ಆ ಕಡಿ ನಿಂತು, "ಬಿಗಿ ಹಿಡಿಯೋ" ಅಂತಿದ್ದ. ಸುತ್ತಿ ಮುಗಿಯೂತನಕ ಮನ್ಯಾಗ ಯಾರೂ ಅವನ ಜೋಡಿ ಮಾತಾಡಂಗಿಲ್ಲ. ಅಪ್ಪ ಮೆಲ್ಬರ್ನಿಗೆ ಬಂದಾಗ ಒಂದಿನ ಟ್ರೇನಿನ್ಯಾಗ ಕರಕೊಂಡು ಹೋಗಿದ್ದೆ. ಗ್ಲೆನ್ ವೇವರ್ಲಿ ಕಡೀ ಸ್ಟೇಷನ್, ಎಲ್ಲಾರೂ ಇಳದ್ರು. ಮೂರು ಮಂದಿ ಹುಡುಗರು ನಮ್ಮ ಹಿಂದ ನಡಕೋತ ಬಂದು ಏನೋ ಒದರಿದ್ರು. ಅಪ್ಪಗ ಇಂಗ್ಲಿಷ್ ತಿಳೀತಿದ್ದಿಲ್ಲ. "ಏನಂದ್ರೋ ಸಿದ್ದಾ?" ಅಂತ ಕೇಳಿದ. "ನಿನ್ನ ರುಮಾಲು ಚಂದ ಐತಿ ಅಂದ್ರು" ಅಂದೆ. ಅಪ್ಪ ಹೊಳ್ಳಿ ನಿಂತು ಆ ಹುಡುಗರಿಗೆ ಕೈ ಮುಗದ.

ನಿನ್ನ ಫೋಟೋ ನೋಡಿದ ಕೂಡಲೇ ನನಗ ಕಂಡಿದ್ದು ಆ ಕೈ ಮುಗದದ್ದು. ನೀ ಮಂಗಳೂರಾಂವ, ಇಗರ್ಜಿಗೆ ಹೋಗಾಂವ. ನಿಮ್ಮ ಮನ್ಯಾಗ ಯಾರರ ಮುಂಡಾಸು ಸುತ್ಯಾರೇನು? ಬ್ಯಾರೇದವರ ತಲಿ ತಗೊಂಡು ನೀ ಕುಣದಿ. ಆ ಮಂದೀಪ್‌ಗ ಹ್ಯಾಂಗ ಆಗಿರಬೇಕು ಅಂತ ನನಗ ಗೊತ್ತಾಗತೈತಿ.

ಇನ್ನ ಹೆಸರಿನ ಮಾತು. ನಮ್ಮ ಮೆಲ್ಬರ್ನ್ ಟೀಮಿನ ಹೆಸರು ಸ್ಟಾರ್ಮ್. ಬಿರುಗಾಳಿಗೆ ಯಾರೇನಂದ್ರೂ ಬ್ಯಾಸರ ಆಗಂಗಿಲ್ಲ. ನಿಮ್ಮ ಪ್ಯಾರಾಮ್ಯಾಟಾದವರು ಹಾವುಮೀನಿನ ಹೆಸರು ಇಟ್ಕೊಂಡಾರ, ಮೀನು ಬಂದು ತಕರಾರು ಮಾಡಂಗಿಲ್ಲ. ಆದ್ರ ಅದೇ ಸಾಲಿನ್ಯಾಗ ಒಬ್ಬ ಮನಷ್ಯಾನ್ನ ತಂದು ನಿಂದ್ರಿಸಿದ್ರ? ನೀ ಅಂವನ ಗುರುತು ಅಂತಿ. ಅಂವನ ಗುರುತಲ್ಲೋ ಅದು, ಅವರು ಅಂವನ್ನ ನೋಡಿ ನಕ್ಕಿದ್ದರ ಗುರುತು.

ಒಂದ ಮಾತು ಕೇಳತೇನಿ. ಅಂವಗ ಒಂದು ಹೆಸರಿತ್ತಲ್ಲ. ಏನದು?

ಸಂಜು ಕ್ರಾನ್‌ಬರ್ನಿನ್ಯಾಗ ಮನಿ ತಗೊಂಡಾನ. ಆರಾಮ ಅದಾನ. ನಾವೂ ಆರಾಮ.

ಸಿದ್ದಣ್ಣ


ಕೆಲ್ಲಿವಿಲ್
6 ಏಪ್ರಿಲ್ 2025

ಸಿದ್ದಣ್ಣ,

ನಿನ್ನ ತಂದೆಯ ವಿಷಯ ಓದಿ ಎರಡು ದಿನ ನನಗೆ ಬರೆಯಲು ಆಗಲಿಲ್ಲ. ಆಮೇಲೆ ಸಿಟ್ಟು ಬಂತು. ಆ ಮೂವರು ಹುಡುಗರ ಸಾಲಿಗೆ ನನ್ನನ್ನು ಸೇರಿಸಿದ್ದೀಯಲ್ಲ ಎಂದು.

ಹೆಸರು ಕೇಳಿದೆ ಅಲ್ಲವಾ? ಹುಡುಕಿದೆ. ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಗೆ ಮೊರೀನ್ ಹತ್ತಿರ ಹೋದೆ. ಮೊರೀನ್ ಅಂದರೆ ನಮ್ಮ ಅತ್ಯಂತ ಹಳೆಯ ಮೆಂಬರ್, ತೊಂಬತ್ತು ದಾಟಿದೆ, ಈಗಲೂ ಹೋಮ್ ಗೇಮಿಗೆ ಮಡಿಚುವ ಕುರ್ಚಿ ತಂದು ಕೂರುತ್ತಾಳೆ. ಮೊದಲ ಜರ್ಸಿ ಹೊಲಿದವರಲ್ಲಿ ಅವಳ ತಾಯಿಯೂ ಒಬ್ಬಳು. ತಿನ್ನಲು ಸ್ಕೋನ್ ಕೊಟ್ಟಳು, ಮೂರು ಸಲ ಚಾ ಕೊಟ್ಟಳು.

"ಜಾನಿ ಎನ್ನುತ್ತಿದ್ದರು," ಎಂದಳು. ನನಗೆ ಖುಷಿಯಾಯಿತು, ಒಂದು ಹೆಸರಾದರೂ ಸಿಕ್ಕಿತಲ್ಲ ಎಂದು. ಅಷ್ಟರಲ್ಲಿ ಅವಳು "ಎಲ್ಲಾ ಹಾಕರ್‌ಗಳನ್ನೂ ಜಾನಿ ಎಂದೇ ಕರೆಯುವುದು" ಎಂದಳು.

ಆಮೇಲೆ ತಾನಾಗಿಯೇ ಹೇಳಿದಳು, ಅವನು ತುಂಬಾ ಮರ್ಯಾದಸ್ಥ, ಅವಳ ತಾಯಿ ಅವನಿಗೆ ಪ್ರತಿ ಸಲ ಚಾ ಕೊಡುತ್ತಿದ್ದಳು, ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದ. ಒಳಗೆ ಕರೆಯುತ್ತಿರಲಿಲ್ಲವಾ ಎಂದು ನಾನು ಕೇಳಿದೆ. ಮೊರೀನ್ ನನ್ನನ್ನು ನೋಡಿದಳು. ಅವಳು ಅದನ್ನು ಯಾವತ್ತೂ ಯೋಚಿಸಿರಲೇ ಇಲ್ಲ ಅಂತ ಕಾಣುತ್ತದೆ. "ಅವನೇ ಬರುತ್ತಿರಲಿಲ್ಲವೇನೋ," ಎಂದಳು.

ಹೆಸರು ಗೊತ್ತಿಲ್ಲದೆ ಇರುವುದಕ್ಕೇ ಅಲ್ಲವಾ ಈ ಅಡ್ಡಹೆಸರು ಉಳಿಯಬೇಕಾದದ್ದು? ಇದೂ ಹೋದರೆ ನಾಳೆ ನಮ್ಮದು ಫಾಲ್ಕನ್ಸ್ ಆಗುತ್ತದೆ, ಇನ್ನೊಂದು ಹಕ್ಕಿ. ಫಾಲ್ಕನ್ ಯಾರಿಗೆ ಬಟ್ಟೆ ಕೊಟ್ಟಿತು ಮಾರಾಯ?

ಲೀಶಾ ಈ ವರ್ಷ ಅಂಡರ್ ಸಿಕ್ಸ್‌ಟೀನ್. ಟ್ಯಾಕಲ್ ಭಯಂಕರ ಮಾಡುತ್ತಾಳೆ, ಎದುರಿನವಳನ್ನು ಹಿಡಿದು ಕೆಡವಿಯೇ ಬಿಡುತ್ತಾಳೆ. ಮನೆಯಲ್ಲಿ ಮಾತ್ರ ಮಾತು ಕಡಿಮೆಯಾಗಿದೆ. ನಾವು ಕನ್ನಡದಲ್ಲೋ ಕೊಂಕಣಿಯಲ್ಲೋ ಕೇಳಿದರೆ ಇಂಗ್ಲಿಷಿನಲ್ಲಿ ಒಂದೇ ಪದ. ವಯಸ್ಸು.

ಲೆಸ್ಲಿ


ಕೆಲ್ಲಿವಿಲ್
18 ಮೇ 2025

ಸಿದ್ದಣ್ಣ,

ಇಷ್ಟು ದಿನ ಬರೆಯಲಿಲ್ಲ, ಕೆಲಸ ಜಾಸ್ತಿ. ನಿನ್ನೆ ಬೇರೆ ಸಬರ್ಬಿನ ಗ್ರೌಂಡಿನಲ್ಲಿ ಆಟ ಇತ್ತು. ನಾವು ಸೋತೆವು. ಲೀಶಾ ಒಂದು ಟ್ರೈ ಹೊಡೆದಳು, ಮೂಲೆಯಲ್ಲಿ, ಇಬ್ಬರನ್ನು ಎಳೆದುಕೊಂಡೇ ಹೋಗಿ ಗೆರೆಯಾಚೆ ಚೆಂಡು ಊರಿ ಬಿದ್ದಳು, ನಾಲ್ಕು ಪಾಯಿಂಟು.

ನನ್ನ ಮೊಣಕಾಲು ನೋವು. ಮುಂದಿನ ಒಂದೆರಡು ವಾರ ವೇಷ ಹಾಕುವುದಿಲ್ಲ ಎಂದು ಗ್ಯಾವಿನ್‌ಗೆ ಹೇಳಿದ್ದೇನೆ.

ಆ ಸ್ಪಂಜಿನ ತಲೆಯ ಒಳಗಿದ್ದರೆ ಸರಿಯಾಗಿ ಕಾಣುವುದಿಲ್ಲ, ಬಾಯಿಯ ಹತ್ತಿರ ಒಂದು ಬಲೆ ಉಂಟು, ಅದರಿಂದಲೇ ನೋಡಬೇಕು. ಕೇಳುವುದು ಮಾತ್ರ ಚೆನ್ನಾಗಿ ಕೇಳುತ್ತದೆ. ಜನ ಅದನ್ನು ಯೋಚಿಸುವುದಿಲ್ಲ.

ಬೇರೆ ಎಂತದ್ದೂ ಇಲ್ಲ. ಚಳಿ ಶುರುವಾಗಿದೆ.

ಲೆಸ್ಲಿ


ಗ್ಲೆನ್ ವೇವರ್ಲಿ
20 ಮೇ 2025

ದೋಸ್ತ,

ಮೊಣಕಾಲಿಗೆ ಕೊಬ್ಬರಿ ಎಣ್ಣಿ ಕಾಸಿ, ಅಜವಾನ ಹಾಕಿ ಹಚ್ಚು. ಸಂಧ್ಯಾರಾಣಿ ಹೇಳ್ಯಾಳ.

ಇನ್ನೊಂದು ಮಾತು, ಸಿಟ್ಟಾಗಬ್ಯಾಡ. ಮೊಣಕಾಲಿಗೆ ಬುದ್ಧಿ ಬಂದೇತಿ ಅಂತ ತಿಳಕೊಂಡೇನಿ ನಾ. ಹೆಂಗೂ ಬಿಟ್ಟೀಯಲ್ಲ, ಹಂಗ ಬಿಟ್ಟುಬಿಡು. ಆಗಸ್ಟಿನ್ಯಾಗ ಎದ್ದು ನಿಂತು "ನನ್ನ ವಿಚಾರ ಬದಲಾತು" ಅನ್ನು. ಅದರಾಗೇನೂ ಸಣ್ಣಸ್ತಿಕಿ ಇಲ್ಲ. ಹಿಂಬಾಗಿಲ ಮೆಟ್ಟಿಲಿನ ಕತಿ ನೀನ ಬರದಿ, ಓದಿದ ಮ್ಯಾಲ ನನಗಂತೂ ಯಾವ ಅನುಮಾನ ಉಳದಿಲ್ಲ. ನಿನಗ ಹ್ಯಾಂಗ ಉಳದೈತಿ ಅನ್ನೂದ ಆಶ್ಚರ್ಯ.

ಸಿದ್ದಣ್ಣ


ಕೆಲ್ಲಿವಿಲ್
15 ಜೂನ್ 2025

ಸಿದ್ದಣ್ಣನವರಿಗೆ ಕ್ಲೋಟಿಲ್ಡಾ ಮಾಡುವ ನಮಸ್ಕಾರಗಳು.

ನೀವು ಮೇಲ್ ಹಾಕಿದ್ದೀರಿ, ಇವರು ಉತ್ತರಿಸಲಿಲ್ಲ ಎಂದು ಸಂಧ್ಯಾರಾಣಿ ನನಗೆ ಫೋನ್ ಮಾಡಿ ಹೇಳಿದರು. ನಿಮಗೆ ಒಂದು ವಿಷಯ ತಿಳಿಸಬೇಕು. ಇವರಿಗೆ ಹೇಳಬೇಡಿ.

ಹೋದ ತಿಂಗಳು ಆ ಹೊರಗಿನ ಮ್ಯಾಚಿನ ದಿನ ಲೀಶಾ ಮನೆಗೆ ಬಂದವಳೇ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಶವರ್ ಶಬ್ದ ನಿಲ್ಲಲೇ ಇಲ್ಲ. ಪೆಟ್ಟಾಗಿದೆಯಾ ಎಂದು ನಾನು ಹೆದರಿದೆ. ಆಮೇಲೆ ಹೇಳಿದಳು. ಆಟದ ನಡುವೆ ಎದುರು ಟೀಮಿನ ಹುಡುಗಿಯರು ಇವಳಿಗೆ "ಕಾರ್ಪೆಟ್ ಎಷ್ಟು? ನಿನ್ನ ಬೆಲೆ ಎಷ್ಟು?" ಎಂದು ನಮ್ಮ ಮಾತಿನ ಧಾಟಿ ಅಣಕಿಸಿದರಂತೆ. ಅದು ಅವಳಿಗೆ ಅಭ್ಯಾಸವಾಗಿದೆಯಂತೆ, ಸಣ್ಣವಳಿದ್ದಾಗಿನಿಂದ ಇದೆಯಂತೆ. ನಮಗೆ ಒಂದು ದಿನವೂ ಹೇಳಿಲ್ಲ ನೋಡಿ. ಹಾಫ್ ಟೈಮಿನಲ್ಲಿ ಇವರು ಆ ವೇಷದಲ್ಲಿ ಚಾಕೊಲೇಟ್ ಎಸೆಯುತ್ತಾ ಹತ್ತಿರ ಬಂದಾಗ ಆ ಹುಡುಗಿಯರಲ್ಲೊಬ್ಬಳು ಇವರನ್ನು ತೋರಿಸಿ "ಅದು ನಿನ್ನ ಅಪ್ಪನಾ?" ಎಂದು ಕೇಳಿದಳಂತೆ. ಇವಳು "ಅಲ್ಲ. ಒಳಗೆ ಯಾರಿದ್ದಾರೋ ನನಗೆ ಗೊತ್ತಿಲ್ಲ" ಎಂದಳಂತೆ.

ಅವಳು ಅತ್ತದ್ದು ಅವರ ಮಾತಿಗಲ್ಲ, ತಾನು ಹೇಳಿದ್ದಕ್ಕೆ.

ಪುಣ್ಯಕ್ಕೆ ಇವರಿಗೆ ಕೇಳಿಸಿಲ್ಲ. ಆ ತಲೆಯೊಳಗೆ ಏನು ಕೇಳುತ್ತದೆ? ಡ್ಯಾಡಿಗೆ ಗೊತ್ತಾಗಬಾರದು ಎಂದು ಲೀಶಾ ನನ್ನ ಕೈ ಹಿಡಿದು ಕೇಳಿಕೊಂಡಿದ್ದಾಳೆ. ಆದರೆ ಇವರು ಈಗ ಊಟಕ್ಕೆ ಕೂತರೂ ಎಲ್ಲೋ ಇರುತ್ತಾರೆ. ಗ್ಯಾರೇಜಿಗೆ ಹೋಗಿ ಸುಮ್ಮನೆ ನಿಲ್ಲುತ್ತಾರೆ. ಮೊಣಕಾಲಿಗೆ ಡಾಕ್ಟರ ಹತ್ತಿರ ಹೋಗಿ ಎಂದರೆ ಕೇಳುವುದಿಲ್ಲ. ಈ ಹೆಸರಿನ ಗಲಾಟೆ ತಲೆಗೆ ಹತ್ತಿದೆ ಎಂದು ನನಗನಿಸುತ್ತದೆ. ನಿಮ್ಮ ಮಾತು ಕೇಳುತ್ತಾರೆ. ದಯವಿಟ್ಟು ಸ್ವಲ್ಪ ಮೆತ್ತಗೆ ಬರೆಯಿರಿ.

ಕ್ಲೋಟಿಲ್ಡಾ


ಗ್ಲೆನ್ ವೇವರ್ಲಿ
17 ಜೂನ್ 2025

ವೈನೀ,

ನಿಮ್ಮ ಪತ್ರ ಮುಟ್ಟಿತು. ನಾ ಯಾರಿಗೂ ಹೇಳಂಗಿಲ್ಲ. ಮೆತ್ತಗ ಬರೀತೇನಿ. ಲೀಶಾಗ ನನ್ನ ಆಶೀರ್ವಾದ ಹೇಳ್ರಿ, ಯಾಕಂತ ಮಾತ್ರ ಹೇಳಬ್ಯಾಡ್ರಿ.

ಸಿದ್ದಣ್ಣ


ಗ್ಲೆನ್ ವೇವರ್ಲಿ
17 ಜೂನ್ 2025

ಲೆಸ್ಲೀ,

ನಿನ್ನ ಮೇ ತಿಂಗಳ ಪತ್ರ ಇವತ್ತು ಮತ್ತ ತಗದು ಓದಿದೆ. ಅವತ್ತು ನಾ ಮೊಣಕಾಲು ಅಷ್ಟ ಓದಿದ್ದೆ. ಕೇಳೂ ವಿಷಯ ಬರದಿದ್ದಿಯಲ್ಲ, ಅದನ್ನ ಓದಿರಲಿಲ್ಲ. ಉತ್ತರ ಕೊಡಬೇಕಂತ ಏನಿಲ್ಲ. ನನ್ನದೊಂದು ಹೇಳತೇನಿ, ಅಷ್ಟ.

ಸಂಜು ಆರಾಮ ಅದಾನ ಅಂತ ಬರದೆ. ಹೌದು, ಆರಾಮನ ಇರಬೇಕು. ಗೊತ್ತಿಲ್ಲ. ಫೆಬ್ರುವರಿಯಿಂದ ನಾ ಅವನ ಜೋಡಿ ಮಾತಾಡಿಲ್ಲ. ಹೊಸಾ ಮನೀಗೆ ಆಫೀಸಿನವರನ್ನ ಊಟಕ್ಕ ಕರದಿದ್ದ, ನಾವೂ ಹೋಗಿದ್ವಿ. ಎಲ್ಲಾರೂ ಅವಂಗ "ಸ್ಯಾಮ್, ಸ್ಯಾಮ್" ಅನ್ನಾಕತ್ತಿದ್ರು. ಯಾರಪಾ ಸ್ಯಾಮ್ ಅಂತ ನಾ ಹಿಂದ ಹೊಳ್ಳಿ ನೋಡಿದೆ. ಆಮ್ಯಾಲ ನನ್ನ ತೋರಿಸಿ, "ಇವರು ನಮ್ಮ ಡ್ಯಾಡ್, ಸಿಡ್" ಅಂದ. ಸಿಡ್! ಎಲ್ಲಾರ ಮುಂದ ಕೈ ಕುಲುಕಿದೆ. ರೊಟ್ಟಿ ತಾಟಿನ್ಯಾಗ ಇಟ್ಟಿದ್ರು, ಮುಟ್ಟಲಿಲ್ಲ. ಕಾರು ತಗೊಂಡು ಬಂದುಬಿಟ್ಟೆ. ಪಾಪ, ಸಂಧ್ಯಾರಾಣಿ ಅಲ್ಲೇ ಉಳದು ಸಂಜೀಮುಂದ ಟ್ರೇನಿಗೆ ಬಂದ್ಲು.

ನಿನ್ನ ಫೋಟೋ ಬಂದದ್ದು ಅದಾದ ಎರಡು ವಾರಕ್ಕ. ನಿನಗ ಬೈದದ್ದರಾಗ ಅರ್ಧಾ ಸಂಜೂಂದು.

ಸಿದ್ದಣ್ಣ


ಕೆಲ್ಲಿವಿಲ್
6 ಜುಲೈ 2025

ಸಿದ್ದಣ್ಣ,

ಕ್ಲೋಟಿಲ್ಡಾ ನಿನಗೆ ಬರೆದಿದ್ದಾಳೆ ಅಲ್ಲವಾ? ಹೇಳಬೇಡ, ನನಗೆ ಬೇಡ. ನಿನ್ನ ಪತ್ರದಲ್ಲಿ ಜಗಳ ಇರಲಿಲ್ಲ, ಅದರಲ್ಲೇ ಗೊತ್ತಾಯಿತು.

ನನಗೆ ಕೇಳಿಸಿತು ಮಾರಾಯ. ಎಲ್ಲಾ ಕೇಳಿಸಿತು. ನಾನು ಅಲ್ಲೇ ಇದ್ದೆ, ನಾಲ್ಕು ಮಾರು ದೂರ. "ಒಳಗೆ ಯಾರಿದ್ದಾರೋ ನನಗೆ ಗೊತ್ತಿಲ್ಲ." ಆಮೇಲೆ ನಾನು ಎಂತ ಮಾಡಿದೆ ಗೊತ್ತುಂಟಾ? ಮತ್ತೊಂದು ಹಿಡಿ ಚಾಕೊಲೇಟ್ ಎಸೆದೆ. ಕುಣಿದೆ. ಆ ಹುಡುಗಿಯರು ನಕ್ಕರು. ಮುಖ ಕಾಣುವುದಿಲ್ಲ ಅಲ್ಲವಾ, ಒಳಗೆ ಹೇಗಿದ್ದರೂ ನಡೆಯುತ್ತದೆ.

ಈಗ ನನ್ನ ಕಷ್ಟ ನೋಡು. ಹೆಸರು ತೆಗೆಯಿರಿ ಎಂದು ಮಾತಾಡಿದರೆ, ತನ್ನಿಂದಾಗಿಯೇ ಅಪ್ಪ ಹೀಗೆ ಮಾಡಿದ ಎಂದು ಲೀಶಾಗೆ ಗೊತ್ತಾಗುತ್ತದೆ. ನಾನು ಕೇಳಿಸಿಕೊಂಡದ್ದೂ ಗೊತ್ತಾಗುತ್ತದೆ. ಇರಲಿ ಎಂದು ಮಾತಾಡಿದರೆ ಮತ್ತೆ ಆ ತಲೆಯೊಳಗೆ ಹೋಗಬೇಕು, ಅವಳು ಮತ್ತೆ ಅಲ್ಲ ಎನ್ನಬೇಕು. ಸುಮ್ಮನೆ ಕೂರುತ್ತೇನೆ ಎಂದರೆ ಗ್ಯಾವಿನ್ ಬಿಡುವುದಿಲ್ಲ. "ನೀನು ಒಂದು ಮಾತು ಹೇಳಿದರೆ ಸಾಕು ಮೇಟ್, ಮುಗೀತು" ಎನ್ನುತ್ತಾನೆ. ದಿನಕ್ಕೊಂದು ಮೆಸೇಜ್.

ಅವನೇನು ಕೆಟ್ಟವನಲ್ಲ. ಕೊರೊನಾ ಸಮಯದಲ್ಲಿ ನಮ್ಮ ಮನೆ ಬಾಗಿಲಿಗೆ ಸಾಮಾನು ತಂದಿಟ್ಟವನು ಅವನು. ನನಗೆ ಇಲ್ಲಿನ ಪೌರತ್ವ ಸಿಕ್ಕಿದ ದಿನ ಕ್ಲಬ್ಬಿನಲ್ಲಿ ಕೇಕ್ ಕತ್ತರಿಸಿದವನು ಅವನು. ಕೆಟ್ಟವನಾಗಿದ್ದರೆ ಸುಲಭ ಇತ್ತು.

ನಿದ್ದೆ ಇಲ್ಲ, ಊಟ ರುಚಿಸುವುದಿಲ್ಲ. ಎಂತ ಮಾಡಲಿ ಹೇಳು.

ಲೆಸ್ಲಿ


ಗ್ಲೆನ್ ವೇವರ್ಲಿ
14 ಜುಲೈ 2025

ದೋಸ್ತ,

ನಿನಗ ಉಪದೇಶ ಮಾಡೂ ಮೊದಲ ನಾನು ಮಾಡಬೇಕಾದ್ದು ಮಾಡಬೇಕಂತ ನಿನ್ನೆ ಕ್ರಾನ್‌ಬರ್ನಿಗೆ ಹೋಗಿದ್ದೆ. ಹೇಳದ ಹೋದೆ. ಸಂಜು ಹಿತ್ತಲದಾಗ ಬೇಲಿಗೆ ಬಣ್ಣಾ ಹಚ್ಚಾಕತ್ತಿದ್ದ. ಒಂದು ಬ್ರಷ್ ನನಗೂ ಕೊಟ್ಟ. ಎರಡು ಹಲಗಿ ಮುಗದ್ವು. ಆಮ್ಯಾಲ ನಾನ ಕೇಳಿದೆ, "ನಮ್ಮ ಅಜ್ಜನ ಹೆಸರಿಟ್ಟೇವಲ್ಲೋ ನಿನಗ. ಸಂಜೀವಪ್ಪ. ಅದನ್ನ ಹ್ಯಾಂಗ ಬಿಟ್ಟಿ?"

"ಅಪ್ಪಾ, ನಾ ಸಣ್ಣಾಂವ ಇದ್ದಾಗ ನಮ್ಮ ಮನ್ಯಾಗ ಫೋನ್ ಬಂದ್ರ ನೀ ಏನಂತಿದ್ದಿ, ನೆನಪೈತೇನು?" ಅಂದ.

"ಏನಂತಿದ್ದೆ?"

"'ಹಲೋ, ಸಿಡ್ ಸ್ಪೀಕಿಂಗ್.' ಆ ಸಿಡ್ ಯಾರು ಅಂತ ನಾ ಅವ್ವನ್ನ ಕೇಳತಿದ್ದೆ."

ನನಗ ನೆನಪ ಇರಲಿಲ್ಲ ಲೆಸ್ಲೀ. ಆದ್ರ ಅಂದದ್ದು ಖರೆ, ಅಂದಿರಬೇಕು. ಸಿದ್ದಣ್ಣ ಅಂದ್ರ ಅವರು ಮೂರು ಸಲ ಕೇಳತಿದ್ರು, ನನಗ ಸಾಕಾಗಿತ್ತು. ಸಿಡ್ ಅಂದೆ, ಕೆಲಸಾ ನಡೀತು. ಹುಡುಗ ನೋಡಿ ಕಲತ. ಅವಂಗ ಬೈಯೂ ಬಾಯಿ ಇನ್ನ ನನಗಿಲ್ಲ.

ಇಬ್ಬರೂ ಕೂಡಿ ಬೇಲಿ ಮುಗಿಸಿದ್ವಿ. ಆಫೀಸಿನ್ಯಾಗ ಅಂವ ಸ್ಯಾಮ್ ಆಗೇ ಇರ್ತಾನಂತ. ಮನ್ಯಾಗ ಹೆಂಗ ಕರೀತಿ ಹಂಗ ಕರಿ ಅಂದ. ನನಗ ಪೂರಾ ಸಮಾಧಾನ ಆಗಿಲ್ಲ. ಆದ್ರ ರೊಟ್ಟಿ ತಿಂದು ಬಂದೆ.

ಓಟು ಹ್ಯಾಂಗ ಹಾಕಬೇಕು ಅಂತ ಇನ್ನ ನಾ ಹೇಳಂಗಿಲ್ಲ. ಮಾರ್ಚಿನ್ಯಾಗ ನನಗ ಎಲ್ಲಾ ಗೊತ್ತಿತ್ತು, ಈಗ ಅಷ್ಟು ಗೊತ್ತಿಲ್ಲ. ಒಂದ ಹೇಳತೇನಿ: ಮೊದಲ ಮಗಳ ಜೋಡಿ ಮಾತಾಡು. ಮೀಟಿಂಗ್ ಆಮ್ಯಾಲ.

ಸಿದ್ದಣ್ಣ


ಕೆಲ್ಲಿವಿಲ್
4 ಆಗಸ್ಟ್ 2025

ಸಿದ್ದಣ್ಣ,

ನಿನ್ನ ಮಾತು ಕೇಳಲಿಲ್ಲ. ಮೊದಲು ಮೀಟಿಂಗ್, ಆಮೇಲೆ ಮಗಳು, ಹಾಗಾಯಿತು. ಎಷ್ಟೋ ಸಲ ಅವಳ ರೂಮಿನ ಬಾಗಿಲ ತನಕ ಹೋದೆ, ವಾಪಸ್ ಬಂದೆ.

ನಿನ್ನೆ ಹಾಲ್ ತುಂಬಿತ್ತು. ಮಂದೀಪ್ ಹಿಂದಿನ ಸಾಲಿನಲ್ಲಿ ಕೂತಿದ್ದಳು, ಅವಳ ಎರಡೂ ಪಕ್ಕದ ಕುರ್ಚಿ ಖಾಲಿ. ಲೀಶಾ ಕ್ಲೋಟಿಲ್ಡಾ ಜೊತೆ ಗೋಡೆ ಬದಿಗೆ. ಹೆಸರು ಇರಬೇಕು ಎನ್ನುವವರು ಮಾತಾಡಿದರು, ಬೇಡ ಎನ್ನುವವರು ಮಾತಾಡಿದರು. ನನ್ನ ಕಾಗದದಲ್ಲಿ ಎರಡು ಭಾಷಣ ಇತ್ತು, ಆ ಬದಿ ಒಂದು, ಈ ಬದಿ ಒಂದು. ನಿಜವಾಗಿ.

ಅಷ್ಟರಲ್ಲಿ ಟ್ರೆಷರರ್ ಎದ್ದು ಒಂದು ಮಧ್ಯದ ದಾರಿ ಹೇಳಿದ. ಹೆಸರು ಹಾಕರ್ಸ್ ಎಂದೇ ಇರಲಿ, ಬ್ಯಾಡ್ಜಿನಿಂದ ಆ ಮನುಷ್ಯನನ್ನು ತೆಗೆಯೋಣ, ಬರೀ ಗಾಡಿಯ ಚಿತ್ರ ಹಾಕೋಣ ಎಂದ. ಗಾಡಿಗೆ ಯಾರು ಬೇಸರ ಮಾಡಿಕೊಳ್ಳುತ್ತಾರೆ? ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ಯಾವಿನ್ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದ.

ನನಗೆ ಅದುವರೆಗೆ ಬಾರದ ಸಿಟ್ಟು ಬಂತು ಮಾರಾಯ. ಎದ್ದು ನಿಂತದ್ದು ನನಗೆ ಗೊತ್ತೇ ಇಲ್ಲ. "ಗಾಡಿ ಇರಲಿ, ಬಟ್ಟೆ ಇರಲಿ, ಮನುಷ್ಯ ಮಾತ್ರ ಬೇಡ ಎನ್ನುತ್ತಿದ್ದೀರಿ," ಎಂದೆ. "ನಾನು ಆರು ವರ್ಷ ಅವನ ತಲೆ ಹೊತ್ತಿದ್ದೇನೆ. ಅವನ ಹೆಸರು ಏನೆಂದು ಕೇಳಲಿಲ್ಲ. ಮೆಲ್ಬರ್ನಿನಲ್ಲಿರುವ ನನ್ನ ಸ್ನೇಹಿತ ಕೇಳಿದ ಮೇಲೆ ಕೇಳಿದೆ. ಇಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹೆಸರು ಗೊತ್ತಿಲ್ಲದವನನ್ನು ಹೆಸರಾಗಿ ಇಟ್ಟುಕೊಳ್ಳಬೇಡಿ. ಅವನು ಬಟ್ಟೆ ಕೊಟ್ಟ ಎಂದು ಹಾಲಿನ ಗೋಡೆಗೆ ಒಂದು ಫಲಕ ಹಾಕಿ, ಹೆಸರು ನಮಗೆ ಗೊತ್ತಿಲ್ಲ ಎಂದೂ ಅದರಲ್ಲೇ ಬರೆಯಿರಿ." ಇಂಗ್ಲಿಷ್ ಅಲ್ಲಲ್ಲಿ ತಪ್ಪಿತು. ಕೂತೆ.

ಹೆಸರು ಬೇಡ ಎನ್ನುವವರು ಗೆದ್ದರು, ಸ್ವಲ್ಪದರಲ್ಲಿ. ಮೊರೀನ್ ಇರಲಿ ಎಂದೇ ಓಟು ಹಾಕಿದಳು, ನನಗೆ ಹೇಳಿಯೇ ಹಾಕಿದಳು, ಆಮೇಲೆ ನನ್ನ ಕೈ ಹಿಡಿದು ಅತ್ತಳು. ಗ್ಯಾವಿನ್ ನನ್ನನ್ನು ದಾಟಿ ಕಾರಿಗೆ ಹೋದ. ಮಂದೀಪ್ ದೂರದಿಂದ ತಲೆ ಬಾಗಿಸಿದಳು, ಹತ್ತಿರ ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಬರುತ್ತಿರಲಿಲ್ಲ.

ಕ್ಲೋಟಿಲ್ಡಾ ತನ್ನ ಕಾರಿನಲ್ಲಿ ಅಂಗಡಿಗೆ ಹೋದಳು. ಲೀಶಾ ನನ್ನ ಕಾರಿಗೆ ಬಂದಳು. ವಿಂಡ್ಸರ್ ರೋಡಿನ ಸಿಗ್ನಲ್ಲಿನಲ್ಲಿ ನಾನು ಹೇಳಿದೆ, ಕನ್ನಡದಲ್ಲೇ, "ಅವತ್ತು ನೀನು ಹೇಳಿದ್ದು ನನಗೆ ಕೇಳಿಸಿತ್ತು ಮಗಾ."

ಅವಳು ಕಿಟಕಿಯ ಹೊರಗೆ ನೋಡುತ್ತಾ ಇದ್ದಳು. "ಐ ನೋ," ಎಂದಳು.

"ಹೇಗೆ?"

"ಆ ದೊಡ್ಡ ತಲೆ ನನ್ನ ಕಡೆ ತಿರುಗಿತು ಡ್ಯಾಡಿ. ತಿರುಗಿ ಹಾಗೇ ನಿಂತಿತು. ಆಮೇಲೆ ನೀನು ಡ್ಯಾನ್ಸ್ ಮಾಡಿದೆ." ಇಂಗ್ಲಿಷಿನಲ್ಲೇ ಹೇಳಿದಳು, ಅಳುತ್ತಾ. "ಯಾಕೆ ಡ್ಯಾನ್ಸ್ ಮಾಡಿದೆ? ನನಗೆ ಬೈಯಬೇಕಿತ್ತು."

ಹಸಿರು ದೀಪ ಬಂದದ್ದು ನಾನು ನೋಡಲಿಲ್ಲ. ಹಿಂದಿನವನು ಹಾರ್ನ್ ಹೊಡೆದ. ಕೆಲ್ಲಿವಿಲ್ ಮೆಟ್ರೋ ಸ್ಟೇಷನ್ನಿನ ಕಾರ್ ಪಾರ್ಕಿಗೆ ತಿರುಗಿಸಿ ನಿಲ್ಲಿಸಿದೆ. ಅಲ್ಲಿ ಎಷ್ಟು ಹೊತ್ತು ಕೂತೆವೋ. ನನಗಾಗಿ ಓಟು ಹಾಕಿದೆಯಾ ಎಂದು ಕೇಳಿದಳು. ಇಲ್ಲ, ಆ ಗಾಡಿಯ ಮಾತಿಗೆ ಹಾಕಿದೆ ಎಂದೆ. ನಂಬಿದಳು ಅಂತ ಕಾಣುತ್ತದೆ. ಅದು ಸತ್ಯವೂ ಹೌದು.

ಲೆಸ್ಲಿ


ಗ್ಲೆನ್ ವೇವರ್ಲಿ
5 ಆಗಸ್ಟ್ 2025

ಲೆಸ್ಲೀ,

ಓದಿದೆ. ಸಂಧ್ಯಾರಾಣಿಗೆ ಓದಿ ಹೇಳಾಕ ಆಗಲಿಲ್ಲ, ಫೋನ್ ಅಕಿ ಕೈಯಾಗ ಕೊಟ್ಟು ಹೊರಗ ಹೋದೆ.

ಫಲಕ ಹಾಕಿದ ದಿನಾ ಹೇಳು. ಬರತೇನಿ.

ಸಿದ್ದಣ್ಣ


ಕೆಲ್ಲಿವಿಲ್
24 ಆಗಸ್ಟ್ 2025

ಸಿದ್ದಣ್ಣ,

ನಿನ್ನೆ ಸೀಸನ್ನಿನ ಕೊನೆಯ ಹೋಮ್ ಗೇಮ್. ಹೊಸ ಹೆಸರು ಇನ್ನೂ ಆಗಿಲ್ಲ, ಬೇಸಿಗೆಯಲ್ಲಿ ಆರಿಸುತ್ತಾರಂತೆ. ಜರ್ಸಿಯ ಬ್ಯಾಡ್ಜಿನ ಮೇಲೆ ಕಪ್ಪು ಟೇಪು ಹಚ್ಚಿದ್ದರು. ಫಲಕದ ವಿಷಯ ಕಮಿಟಿ "ನೋಡೋಣ" ಎಂದಿದೆ. ಗ್ಯಾವಿನ್ ಗುಡ್ ಮಾರ್ನಿಂಗ್ ಎನ್ನುವ ತನಕ ಬಂದಿದ್ದಾನೆ.

ಹಾಫ್ ಟೈಮಿನಲ್ಲಿ ನನ್ನ ಕೈಗೆ ಎಂತ ಮಾಡುವುದೆಂದು ತಿಳಿಯಲಿಲ್ಲ. ಕೊನೆಗೆ ಸಾಸೇಜ್ ಹುರಿಯುವಲ್ಲಿ ಇಕ್ಕಳ ಹಿಡಿದು ನಿಂತೆ. ಒಬ್ಬ ಅಪ್ಪ ಸಣ್ಣ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಆ ಮಗು ನನಗೆ ಚೆನ್ನಾಗಿ ಗೊತ್ತು, ಪ್ರತಿ ಶನಿವಾರ ಬಂದು ನನ್ನ ಸ್ಪಂಜಿನ ಮೀಸೆ ಎಳೆಯುತ್ತಿದ್ದವಳು. ಅವಳು ನನ್ನನ್ನು ನೋಡಿ ಅಪ್ಪನ ತಲೆಯ ಹಿಂದೆ ಮುಖ ಮುಚ್ಚಿಕೊಂಡಳು.

"ಅವಳಿಗೆ ಹೊಸಬರೆಂದರೆ ನಾಚಿಕೆ," ಎಂದ ಅವನು. "ನೀವು ಕ್ಲಬ್ಬಿಗೆ ಈಗ ಬಂದದ್ದಾ?"

ಆರು ವರ್ಷ, ಸಿದ್ದಣ್ಣ. ಎಲ್ಲರಿಗೂ ನಾನು ಗೊತ್ತು ಎಂದು ತಿಳಿದುಕೊಂಡಿದ್ದೆ.

"ಹೌದು," ಎಂದೆ. "ಲೆಸ್ಲಿ. ಈರುಳ್ಳಿ ಹಾಕಲಾ?"

ಎರಡನೇ ಅರ್ಧ ಶುರುವಾದಾಗ ಬೇಲಿ ಹತ್ತಿರ ಹೋಗಿ ನಿಂತೆ. ನಮ್ಮ ಹುಡುಗಿಯರು ಎದುರು ಟೀಮಿನ ಲೈನಿನ ಹತ್ತಿರ ಒತ್ತುತ್ತಿದ್ದರು. "ಗೋ ಹಾಕರ್ಸ್" ಎಂದು ಬಾಯಿಗೇ ಬಂತು, ನುಂಗಿಕೊಂಡೆ. ಸುತ್ತ ನೋಡಿದರೆ ಎಲ್ಲರದ್ದೂ ಅದೇ ಅವಸ್ಥೆ. ಬಾಯಿ ತೆರೆಯುತ್ತಾರೆ, ನಿಲ್ಲಿಸುತ್ತಾರೆ. ಕೂಗುವುದಕ್ಕೆ ಶಬ್ದವೇ ಇಲ್ಲ. ಅಷ್ಟು ಮೌನವಾದ ಗ್ರೌಂಡ್ ನಾನು ನೋಡಿಲ್ಲ. ಚೆಂಡಿಗೆ ಬೂಟು ತಾಗುವುದು ಕೇಳುತ್ತಿತ್ತು.

ಆಗ ಆಚೆ ಬದಿಯಿಂದ ಒಬ್ಬಳು ತಾಯಿ ತನ್ನ ಮಗಳ ಹೆಸರು ಹಿಡಿದು ಕೂಗಿದಳು. ಮತ್ತೊಬ್ಬ ಅಪ್ಪ ತನ್ನ ಮಗಳದ್ದು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು, ಅವರವರ ಮಕ್ಕಳ ಹೆಸರು, ಪಕ್ಕದವರ ಮಕ್ಕಳ ಹೆಸರು, ಒಂದರ ಮೇಲೊಂದು, ಎಂತದ್ದೂ ಸರಿಯಾಗಿ ಕೇಳದ ಹಾಗೆ.

ನಾನೂ ಕೂಗಿದೆ. ಇಷ್ಟು ವರ್ಷದಲ್ಲಿ ಆ ಗ್ರೌಂಡಿನಲ್ಲಿ ಅವಳ ಹೆಸರನ್ನು ಕೂಗಿದ್ದು ಅದೇ ಮೊದಲು. ವೇಷದಲ್ಲಿ ಮಾತಾಡುವಂತಿರಲಿಲ್ಲ ಅಲ್ಲವಾ.

ಲೀಶಾ ತಿರುಗಿ ನೋಡಲಿಲ್ಲ. ಹೆಗಲಿಗೆ ಹೆಗಲು ಕೊಟ್ಟು ಸ್ಕ್ರಮ್ಮಿಗೆ ಬಗ್ಗುವ ಮೊದಲು ಒಂದು ಕೈ ಮಾತ್ರ ಮೇಲೆ ಎತ್ತಿದಳು.

ಲೆಸ್ಲಿ